ಬಣ್ಣದ ಫ್ಯಾಕ್ಟರಿಯ ಕಿತ್ತಳೆ ಮೀನು

ಜರ್ಮನ್ ಕಲಿತ ತಪ್ಪಿಗೆ ಮಹದೇವಪುರದ ಬಟ್ಟೆಗೆ ಬಣ್ಣ ಹಾಕೋ ಫ್ಯಾಕ್ಟರಿಯೊಂದಕ್ಕೆ ದುಭಾಷಿಯಾಗಿ ಹೋಗಿದ್ದೆ. ಅಂಗಿ ಕೊಳ್ಳೋ ಜರ್ಮನಿಯ ಕಂಪನಿಯಿಂದ ತಪಾಸಣೆಗೆ ಒಬ್ಬ ಹೆಂಗಸು ಬಂದಿದ್ರು. ಫ್ಯಾಕ್ಟರಿ ಹೊರಗೆ ಬಿಡೋ ನೀರಿನ ಲ್ಯಾಬ್ ರಿಪೋರ್ಟನ್ನು ಪಕ್ಕಕ್ಕೆ ಸರಿಸಿ, "ಯುರೋಪಿನ ಕಾನೂನಿಗೆ ಇಷ್ಟೇ ಸಾಲದು. ನೀರಲ್ಲಿ ಮೀನು, ಹುಳ ಬದುಕಿವೆಯಾ ಅಂತಲೂ ನೋಡ್ತೀವಿ" ಅಂದ್ರು. ಅದನ್ನು ಮ್ಯಾನೇಜರ್‌ಗೆ ಕನ್ನಡದಲ್ಲಿ ಹೇಳಿದೆ.

"ಅಷ್ಟೇನಾ? ನಾಳೆ ಬರೋಕೆ ಹೇಳ್ರೀ" ಅಂದ್ರು ಅವರು.

ಮಾರನೇ ದಿನ ಕೊಳಕು ನೀರು ಶುದ್ಧ ಮಾಡೋ ಘಟಕದ ಕೊನೇ ತೊಟ್ಟಿಗೆ ಟ್ಯಾಂಕರ್ ನೀರು ತುಂಬಿಸಿದ್ರು. ಅದರಲ್ಲಿ ಶಿವಾಜಿನಗರದಿಂದ ತಂದ ಕಿತ್ತಳೆ ಬಣ್ಣದ ಅಕ್ವೇರಿಯಂ ಮೀನುಗಳು ಬಾಲ ಆಡಿಸ್ತಾ ಇದ್ದವು. "ತಾವಾಗೇ ಹುಟ್ಟಿದ್ದು ಅಂತ ಹೇಳ್ಬಿಡಿ" ಅಂದ್ರು ಮ್ಯಾನೇಜರ್. ನಾನು ಬಾಯಿ ಬಿಡೋ ಮೊದಲೇ ಆಯಮ್ಮ ನಕ್ಕು, ಮೀನಿನ ಫೋಟೊ ತೆಗೆದು, ನೀರು ಪಾಸು ಅಂತ ಸಹಿ ಹಾಕಿಬಿಟ್ರು.

ಕಾರಿನವರೆಗೂ ಬಿಡೋಕೆ ಹೋದಾಗ ನನಗೆ ತಡೆಯೋಕಾಗಲಿಲ್ಲ. "ಫ್ಯಾಕ್ಟರಿ ಹಿಂದಿರೋ ರಾಜಕಾಲುವೆ ನೋಡಲ್ವಾ? ನಿಮ್ಮ ಅಂಗಿಗಳ ಬಣ್ಣವೆಲ್ಲ ಅಲ್ಲೇ ಹರೀತಿದೆ. ನಿಮ್ಮೂರಲ್ಲಾಗಿದ್ರೆ ಸುಮ್ಮನೆ ಬಿಡ್ತಿದ್ರಾ?"

"ನಮ್ಮೂರಲ್ಲಿ ಬಿಡಲ್ಲ" ಅಂದ್ರು ಸೀಟ್ ಬೆಲ್ಟ್ ಎಳೆದುಕೊಳ್ತಾ. "ಅದಕ್ಕೇ ತಾನೇ ಇಲ್ಲಿ ಮಾಡಿಸೋದು?"

ಕಾರು ಗೇಟು ದಾಟಿದ್ದೇ ತಡ, ತೊಟ್ಟಿಗೆ ಮತ್ತೆ ಫ್ಯಾಕ್ಟರಿ ನೀರು ಬಿಟ್ರು. ಸಂಜೆ ಹೊತ್ತಿಗೆ ಮೀನುಗಳು ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಿದ್ದವು. ನೀರು ಪಾಸಾಗಿರೋ ಸುದ್ದಿ, ಪಾಪ, ಅವಕ್ಕೆ ಯಾರೂ ಹೇಳಿರಲಿಲ್ಲ.