ಕೊಣನೂರು ಕೇಳಿದ ಮೆಟಲ್

ನನಗೆ ಹಾಡಲು ಬರುವುದಿಲ್ಲ. ಆದರೂ ಎರಡು ಸಾವಿರದ ಇಸವಿಯ ಆಚೀಚೆ ಹಾಸನದಲ್ಲಿ ನಾನೊಂದು ಬ್ಯಾಂಡಿನ ಗಾಯಕನಾಗಿದ್ದೆ. ಇದು ಸಾಧ್ಯವಾದದ್ದು ಮೆಟಲ್ ಸಂಗೀತದ ಔದಾರ್ಯದಿಂದ. ಅಲ್ಲಿ ಶ್ರುತಿ ಸೇರದವನಿಗೂ ಕಿರುಚುವ ಅವಕಾಶವಿದೆ. ಕಿರುಚುವುದಕ್ಕೂ ಒಂದು ಶಾಸ್ತ್ರವಿದೆ ಎಂದು ಹೇಳಿಕೊಂಡು ತಿರುಗುವ ಅನುಕೂಲವೂ ಇದೆ.

ನಮ್ಮದು ಬರೀ ಮೆಟಲ್ ಅಲ್ಲ, ಪ್ರೋಗ್ರೆಸಿವ್ ಮೆಟಲ್. ಅಂದರೆ, ಬೇರೆಯವರ ಹಾಡು ಮುಗಿಯುವ ಹೊತ್ತಿಗೆ ನಮ್ಮದು ಪೀಠಿಕೆ ದಾಟಿರುವುದಿಲ್ಲ. ತಾಳ ಏಳಕ್ಕೆ ಹೋಗಿ ಐದಕ್ಕೆ ಬಂದು, ಕೇಳುವವನು ತೊಡೆ ತಟ್ಟಲು ಕೈ ಎತ್ತಿದಾಗ ಇನ್ನೆಲ್ಲೋ ಇರುತ್ತದೆ. ಎಲ್ಲ ಹಾಡೂ ಸೇರಿ ಒಂದೇ ಕಥೆ. ಹರಿಕಥೆ ಕೇಳಿ ಬೆಳೆದ ಸೀಮೆಗೆ ಇದೇನು ಹೊಸದಲ್ಲ ಎಂದು ನಾನು ವಾದಿಸುತ್ತಿದ್ದೆ. ಕಥೆ ಮಾತ್ರ ಹೊಸದು: ಉಕ್ಕಿನ ನಗರವೊಂದರಲ್ಲಿ ದಾರಿ ತಪ್ಪಿದ ಮನುಷ್ಯನ ಆಕ್ರೋಶ, ಅದೂ ಇಂಗ್ಲಿಷಿನಲ್ಲಿ. ನಾನು ನೋಡಿದ್ದ ದೊಡ್ಡ ನಗರ ಹಾಸನವೇ; ಅಲ್ಲಿ ದಾರಿ ತಪ್ಪಬೇಕೆಂದರೂ ಆಗುತ್ತಿರಲಿಲ್ಲ.

ಗಿಟಾರ್ ನುಡಿಸುತ್ತಿದ್ದವನು ಗೆಳೆಯ ಶಶಿ. ಚನ್ನರಾಯಪಟ್ಟಣದಲ್ಲಿ ಅವರ ಮನೆಯ ಕೊಬ್ಬರಿ ಗೋದಾಮಿನಲ್ಲಿ ನಮ್ಮ ಅಭ್ಯಾಸ. ಆಲ್ಬಮ್ ಮುಗಿದ ದಿನ ಶಶಿ ತಣ್ಣಗೆ ಹೇಳಿದ: "ಒಬ್ಬರಾದರೂ ಇದನ್ನ ಪೂರ್ತಿ ಕೇಳಿ ಏನಾದರೂ ಹೇಳಲಿ. ಇಲ್ಲದಿದ್ರೆ ಗಿಟಾರು ಅಟ್ಟಕ್ಕೆ." ಅವನು ಬಾಯಿಮಾತಿಗೆ ಹೇಳುವವನಲ್ಲ. ನನಗೆ ಭಯವಾಯಿತು. ಆ ಗೋದಾಮನ್ನು ಬಿಟ್ಟರೆ ನನ್ನ ದನಿಗೆ ಲೋಕದಲ್ಲಿ ಬೇರೆ ಜಾಗವಿರಲಿಲ್ಲ.

ನಮ್ಮ ಕಡೆ ಯಾವುದೂ ತಾನಾಗಿ ಬಿಡುಗಡೆಯಾಗುವುದಿಲ್ಲ; ಮಾಡಬೇಕು. ಹಾಸನದಲ್ಲಿ ಸಭಾಂಗಣ ಹಿಡಿದೆವು. ಪ್ರಾರ್ಥನೆ, ದೀಪ, ಸ್ವಾಗತ, ಶಾಲು ಎಲ್ಲ ಆಯಿತು. ನಮ್ಮ ನಿವೃತ್ತ ಹೆಡ್‌ಮಾಸ್ತರು ಬಂಗಾರದ ಕಾಗದ ಬಿಚ್ಚಿ ಸಿ.ಡಿ. ಎತ್ತಿ ಹಿಡಿದರು. ಫೋಟೋ ಆಗುವವರೆಗೂ ಇಳಿಸಲಿಲ್ಲ. ಬಳಿಕ ಯುವಜನತೆಯ ಕರ್ತವ್ಯಗಳ ಬಗ್ಗೆ ಮಾತಾಡಿದರು, ವಂದನಾರ್ಪಣೆಯಾಯಿತು, ಎಲ್ಲರೂ ಉಪ್ಪಿಟ್ಟಿನ ಕಡೆ ನಡೆದರು. ಬಿಡುಗಡೆಯಾದ ವಸ್ತುವನ್ನು ಅಲ್ಲೇ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಪ್ಲೇಯರಿನ ಪಕ್ಕ ಶಶಿ ಒಬ್ಬನೇ ನಿಂತಿದ್ದ.

ಮರುದಿನ ಪತ್ರಿಕೆಯೊಂದರಲ್ಲಿ ಫೋಟೋ ಬಂತು. ಕೆಳಗೆ, 'ಭಕ್ತಿಗೀತೆಗಳ ಸಿ.ಡಿ. ಬಿಡುಗಡೆ.' ವರದಿಗಾರರನ್ನು ದೂರಲಾರೆ. ಗಾಯಕನಾದ ನಾನು ಹೊಳೆನರಸೀಪುರದ ಅರ್ಚಕರ ಮಗ, ವೇದಿಕೆಯ ಮೇಲೆ ದೀಪ, ಹೆಡ್‌ಮಾಸ್ತರ ಹಣೆಯಲ್ಲಿ ವಿಭೂತಿ. ನಮ್ಮ ಜಿಲ್ಲೆಯಲ್ಲಿ ಇಷ್ಟೆಲ್ಲ ಸೇರಿದ ಮೇಲೆ ಬೇರೆ ಏನು ತಾನೇ ಬಿಡುಗಡೆಯಾದೀತು? ಬೆಂಗಳೂರಿನ ಸಂಗೀತ ಪತ್ರಿಕೆಗೆ ಕಳಿಸಿದ್ದ ಪ್ರತಿಗೆ ಉತ್ತರವೇ ಬರಲಿಲ್ಲ. ಶಶಿ ಗಿಟಾರಿಗೆ ಹಳೆಯ ಬೆಡ್‌ಶೀಟು ಸುತ್ತಿದ.

ಅಷ್ಟರಲ್ಲಿ ಕೊಣನೂರಿನಿಂದ ಜವರಾಯಿಗೌಡರ ಫೋನು. ಅಲ್ಲಿನ ಒಂದು ಪುಟ್ಟ ದೇವಸ್ಥಾನದ ಸಮಿತಿಯವರು. ಪತ್ರಿಕೆ ನೋಡಿ ಹೊಳೆನರಸೀಪುರಕ್ಕೆ ಹೋಗಿ ನಮ್ಮಪ್ಪನಿಂದ ಸಿ.ಡಿ. ಪಡೆದಿದ್ದರಂತೆ. ಅಪ್ಪ ಹೆಮ್ಮೆಯಿಂದ ಕೊಟ್ಟಿದ್ದರು, ಕೇಳಿರಲಿಲ್ಲ. ಅದನ್ನು ದೇವಸ್ಥಾನದ ಮೈಕಿನಲ್ಲಿ ಹಾಕಿ ಊರೆಲ್ಲ ಗಾಬರಿಯಾಗಿದೆ ಎಂದರು ಗೌಡರು.

ಕ್ಷಮೆ ಕೇಳಿ ಸಿ.ಡಿ. ತರೋಣವೆಂದು ನಾನೂ ಶಶಿಯೂ ಬಸ್ಸು ಹತ್ತಿದೆವು. ಗೌಡರು ನಡೆದದ್ದನ್ನು ವಿವರಿಸಿದರು. ಸಂತೆಯ ದಿನ ಬೆಳಗ್ಗೆ ಮೈಕಿನವನು ನಮ್ಮ ಸಿ.ಡಿ. ಹಾಕಿದ್ದಾನೆ. ಮೊದಲ ಹಾಡು ತಂಬೂರಿ ಶ್ರುತಿಯಿಂದ ಶುರುವಾಗುತ್ತದೆ. ಅದನ್ನು ಕೇಳಿ ತೃಪ್ತನಾಗಿ, ಕೋಣೆಗೆ ಬೀಗ ಹಾಕಿ, ಹೊಳೆಗೆ ಸ್ನಾನಕ್ಕೆ ಹೋಗಿಬಿಟ್ಟಿದ್ದಾನೆ.

"ಆಮ್ಯಾಕೆ ಶುರುವಾಯ್ತು ನೋಡಿ ಸಾ! ಎತ್ತು ಅಗ್ಗ ಕಿತ್ಕಂಡೋದ್ವು. ಬೀಗ ಒಡ್ಯಾನ ಅಂತ ಸುತ್ಗೆ ಉಡುಕ್ತಿದ್ವಿ, ಅಷ್ಟ್ರಲ್ಲಿ ಅದೇ ಮುಗೀತು."

"ಪೂರ್ತಿ ಕೇಳಿದ್ರಾ?" ಶಶಿ ಮುಂದಕ್ಕೆ ಬಾಗಿ ಕೇಳಿದ.

"ಕೇಳ್ದೆ ಎಲ್ಲಿಗೋಗಾನ ಸಾ?"

ಲೋಕದಲ್ಲಿ ಯಾವ ಪ್ರೋಗ್ರೆಸಿವ್ ಮೆಟಲ್ ತಂಡಕ್ಕೂ ತರಕಾರಿ ಸಮೇತ ಅಂಥ ಸಭೆ ಸಿಕ್ಕಿರಲಾರದು. ವಿಮರ್ಶೆಗಳೂ ಪುಕ್ಕಟೆ ಬಂದವು. ಒಬ್ಬರಿಗೆ ಅದು ರಾಗಿ ಮಿಲ್ಲು ಕೆಟ್ಟಂತೆ ಕೇಳಿಸಿತ್ತು. ಇನ್ನೊಬ್ಬರು ಮೈಕಿನ ವಯರು ಸುಟ್ಟಿತೆಂದುಕೊಂಡಿದ್ದರು. ದೇವಸ್ಥಾನದ ಎದುರು ಮನೆಯ ಪುಟ್ಟತಾಯಮ್ಮ ಮಾತ್ರ ನಮಗೆ ಮಜ್ಜಿಗೆ ಕೊಟ್ಟು, "ಅದ್ರಲ್ಲಿ ಕಿರುಚ್ಕತಾನಲ್ಲ, ಅವ್ನ್ಯಾರು?" ಎಂದರು. ಶಶಿ ನನ್ನನ್ನು ತೋರಿಸಿದ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾರ ಮ್ಯಾಲಪ್ಪಾ ನಿಂಗೆ ಅಷ್ಟೊಂದು ಸಿಟ್ಟು?"

ನನಗೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವಿತ್ತು. ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಬಿಸಿ ಅನ್ನ. ಉಕ್ಕಿನ ನಗರವನ್ನು ಆಕೆಗೆ ಹೇಗೆ ವಿವರಿಸಲಿ? "ಯಾರ ಮೇಲೂ ಇಲ್ಲಮ್ಮ" ಎಂದೆ.

"ಅಂಗಂತ ಎಲ್ರೂ ಏಳ್ತಾರೆ. ಓಗ್ಲಿ, ಕೊನ್ಗೆ ಒಸಿ ಸಮಾಧಾನ ಆದಂಗಿತ್ತು. ಅದು ಆದ್ಮ್ಯಾಕೇ ನಾನು ಒಲೆ ಅಚ್ಚಿದ್ದು."

ಕೊನೆಯ ಹಾಡಿನಲ್ಲಿ ಶಶಿಯ ಗಿಟಾರು ಮೆಲ್ಲಗೆ ಇಳಿದು ನಿಲ್ಲುವುದು ಆಕೆಗೆ ಕೇಳಿಸಿತ್ತು. ಅವನು ಖಾಲಿ ಲೋಟ ಮುಂದೆ ಹಿಡಿದು ಇನ್ನೊಂದಿಷ್ಟು ಮಜ್ಜಿಗೆ ಕೇಳಿದ.

ವಾಪಸು ಬರುವಾಗ ಬಸ್ಸು ಅರಕಲಗೂಡು ದಾಟಿದ ಮೇಲೆ ಶಶಿ ಹೇಳಿದ: "ಇನ್ನೊಂದು ಮಾಡೋಣ. ಆದರೆ ಆಯಮ್ಮ ಮತ್ತೆ ಕೇಳಿದ್ರೆ ನಿನ್ನ ಹತ್ತಿರ ಉತ್ತರ ಇರಬೇಕು."

ನಾನು ಕಿಟಕಿಗೆ ಒರಗಿ, ನನಗೆ ಯಾರ ಮೇಲೆ ಸಿಟ್ಟಿದೆ ಎಂದು ಹುಡುಕತೊಡಗಿದೆ. ಮೊದಮೊದಲು ಯಾರೂ ಸಿಗಲಿಲ್ಲ. ಹಾಸನ ಬರುವ ಹೊತ್ತಿಗೆ ಒಂದು ಆಲ್ಬಮ್ಮಿಗೆ ಸಾಕಾಗುವಷ್ಟು ಜನ ಸಿಕ್ಕಿದ್ದರು. ಅವರಲ್ಲಿ ಹೆಚ್ಚಿನವರು ನನಗೆ ತೀರ ಬೇಕಾದವರೇ.