ಕಟ್ಟೆಯ ಮೇಲಿನ ಮ್ಯಾಚು

ಎಲ್‌ಬಿಡಬ್ಲ್ಯೂ ಎಂದರೇನೆಂದು ನನಗೆ ಇವತ್ತಿಗೂ ಸರಿಯಾಗಿ ತಿಳಿದಿಲ್ಲ. ಅಂಪೈರು ಬೆರಳೆತ್ತಿದರೆ ಉಳಿದವರ ಮುಖ ನೋಡಿ ನಾನೂ ಮುಖ ಸಪ್ಪೆ ಮಾಡುತ್ತೇನೆ. ಇದಕ್ಕೆ ಪಕ್ಕದಲ್ಲಿ ಉಳಿದವರು ಇರಬೇಕು ಎನ್ನುವುದೇ ನನ್ನ ತೊಂದರೆ.

ತೊಂಬತ್ತರ ದಶಕದ ನಮ್ಮೂರು ನೇಸರಗಿಯಲ್ಲಿ ಆ ಅನುಕೂಲಕ್ಕೆ ಕೊರತೆಯಿರಲಿಲ್ಲ. ಮ್ಯಾಚಿನ ದಿನ ನೆರೆಮನೆಯ ಬಸಪ್ಪ ಕಾಕಾ ತಮ್ಮ ಟಿವಿಯನ್ನು ಎತ್ತಿ ತಂದು, ಓಣಿಗೆ ಮುಖ ಮಾಡಿ ಕಟ್ಟೆಯ ಮೇಲೆ ಇಡುತ್ತಿದ್ದರು. ಒಬ್ಬರು ಮಾಳಿಗೆ ಹತ್ತಿ ಆ್ಯಂಟೆನಾ ತಿರುಗಿಸುವುದು, ಕೆಳಗಿನವರೆಲ್ಲ "ಬಂತು, ಬಂತು, ಹೋತು!" ಎಂದು ಕೂಗುವುದು. ಎದುರುಮನೆಯ ಗಂಗವ್ವ ಜೋಳ ಹಸನು ಮಾಡುತ್ತಲೇ "ನಮ್ಮವ್ರು ಯಾರ್ಪಾ?" ಎಂದು ಕೇಳಿ ತಿಳಿದುಕೊಂಡು, ಆಮೇಲೆ ಎರಡೂ ಕಡೆಯವರಿಗೆ ಮರುಗುತ್ತಿದ್ದರು.

ಅಷ್ಟರಲ್ಲಿ ಕೇಬಲ್ ಬಂತು. ಮ್ಯಾಚುಗಳು ಒಂದೊಂದಾಗಿ ಅದರ ಹಿಂದೆ ಹೊರಟುಹೋದವು. ಕಟ್ಟೆಯ ಟಿವಿಯಲ್ಲಿ ಸರಿಯಾಗಿ ಟಾಸಿನ ಹೊತ್ತಿಗೆ ಹತ್ತಿ ಬೆಳೆಗೆ ಗೊಬ್ಬರ ಹಾಕುವ ಚರ್ಚೆ. ಕಾಕಾ ಬಿಡಲಿಲ್ಲ. ತಾವೇ ಮಾಳಿಗೆ ಹತ್ತಿ, ನಮ್ಮ ಆ್ಯಂಟೆನಾವನ್ನು ಕೇಬಲ್‌ನವನ ಮನೆಯ ಮೇಲಿದ್ದ ಡಿಶ್ಶಿನ ಕಡೆಗೆ ತಿರುಗಿಸಿದರು.

"ಅಷ್ಟ್ ದೊಡ್ಡ ಛತ್ರಿ ಐತಿ, ನಮ್ಮ ಕಡೆ ಒಂಚೂರರ ಸೋರೂದಿಲ್ಲೇನು?" ಎಂದರು.

ಸೋರಲಿಲ್ಲ. ಟಿವಿ ಒಳಗೆ ಹೋಯಿತು, ಓಣಿಯೂ ತಂತಮ್ಮ ಮನೆ ಸೇರಿತು.

ನಾನು ಬಸ್ಸು ಹತ್ತಿ ಬೈಲಹೊಂಗಲದ ಗೆಳೆಯನ ಮನೆಗೆ ಹೋಗಿ ನೋಡಿದೆ. ಚಿತ್ರ ಸ್ವಚ್ಛ, ಸೋಫಾ ಮೆತ್ತಗೆ, ನಮ್ಮವರು ಗೆದ್ದೂ ಬಿಟ್ಟರು. ಗೆಳೆಯ ಚಹಾ ಕೊಟ್ಟು ಟಿವಿ ಆರಿಸಿದ. ಊರಿಗೆ ಬಂದು ಕಾಕಾಗೆ ಸುದ್ದಿ ಹೇಳಿದರೆ, "ಹೌದೇನು? ಛಲೋ ಆತು" ಎಂದರು. ಯಾರದೋ ಮನೆಯ ಮದುವೆಯ ಸುದ್ದಿ ಕೇಳಿದ ಹಾಗೆ. ನನಗೆ ನಿಜಕ್ಕೂ ದುಃಖವಾಯಿತು.

ನಮ್ಮ ಕಡೆಯ ಹೂಲಿಯ ಹಳೆಯ ಗುಡಿಗಳಿಗೆ ಹೋದಾಗಲೆಲ್ಲ ಒಂದು ಮಾತು ಹೊಳೆಯುತ್ತದೆ. ಶಿಲ್ಪಿಗಳು ಗುಡಿಯ ಹೊರಗೋಡೆಯನ್ನೂ ಕೆತ್ತಿದರು, ಎಮ್ಮೆ ಮೇಯಿಸುವವನೂ ನಿಂತು ನೋಡಲಿ ಎಂದು. ಇಡೀ ಓಣಿ ಕೊನೆಯ ಓವರಿಗೆ ಒಟ್ಟಿಗೆ ಉಸಿರು ಬಿಗಿಹಿಡಿಯುವುದನ್ನೂ ಆ ಗುಡಿಗಳ ಸಾಲಿಗೇ ಸೇರಿಸಿ ಕಾಪಾಡಬೇಕೆಂಬುದು ನನ್ನ ವಾದ. ಸರ್ಕಾರಕ್ಕೂ ಹಾಗೇ ಅನಿಸಿತೋ ಏನೋ, ದೇಶದ ದೊಡ್ಡ ಮ್ಯಾಚುಗಳನ್ನು ಕೇಬಲ್ ಚಾನೆಲ್ಲಿನವರು ಆ್ಯಂಟೆನಾಕ್ಕೆ ಸಿಗುವ ದೂರದರ್ಶನಕ್ಕೂ ಕೊಡಲೇಬೇಕೆಂದು 2007ರಲ್ಲಿ ಕಾನೂನು ಬಂತು. ಪೇಪರಿನಲ್ಲಿ ಓದಿ, ಕಳೆದ ಎಮ್ಮೆ ಮನೆಗೆ ಬಂದಷ್ಟು ನಿರಾಳವಾಯಿತು.

ಮುಂದಿನ ಮ್ಯಾಚಿಗೆ ಟಿವಿ ಮತ್ತೆ ಕಟ್ಟೆಗೆ ಬಂತು. ನಮ್ಮವರು ಹೀನಾಯವಾಗಿ ಸೋತರು. ಓಣಿಯೆಲ್ಲ ಬಾಯಿಗೆ ಬಂದಂತೆ ಬೈದು ಎದ್ದಮೇಲೆ, ಕಾಕಾ ಟಿವಿಯನ್ನು ಎದೆಗವಚಿಕೊಂಡು ಒಳಗೆ ಹೊರಟರು. ಮುಖದಲ್ಲಿ ಹಬ್ಬದ ಕಳೆ.

"ಸೋತ್ವಲ್ಲ ಕಾಕಾ" ಎಂದೆ.

"ಸೋತ್ರ ಸೋಲ್ಲಿ ಬಿಡೋ. ಬೈಯಾಕ ಎಲ್ಲಾರೂ ಕೂಡಿದ್ವಲ್ಲ!"