ವಾಲ್ವಿನ ವಿಳಾಸ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತಿರುವನಂತಪುರದ ಒಂದು ಪರೀಕ್ಷಾಲಯದಲ್ಲಿದ್ದೆ. ಲೋಹದ ತುಂಡುಗಳನ್ನು ಪ್ರೆಸ್ಸಿನಲ್ಲಿ ಅದುಮಿ, ಅವು ಎಷ್ಟು ತಾಳುತ್ತವೆಂದು ನೋಡುವುದು ನಮ್ಮ ಕೆಲಸ. ಪ್ರೆಸ್ಸನ್ನು ನಡೆಸುತ್ತಿದ್ದದ್ದು ಬೀರುವಿನಷ್ಟು ದೊಡ್ಡ ಕಂಪ್ಯೂಟರು. ಅದಕ್ಕೆ ಪ್ರೋಗ್ರಾಂ ಬರೆಯುತ್ತಿದ್ದವಳು ನಾನು. ತುಂಡು ಇಟ್ಟು ತೆಗೆಯುತ್ತಿದ್ದವರು ನನಗಿಂತ ಹತ್ತು ವರ್ಷ ದೊಡ್ಡವರಾದ ಒಬ್ಬ ಮೆಕ್ಯಾನಿಕ್. ನನ್ನಂತೆ ಕಾಸರಗೋಡಿನವರು. ಅಣ್ಣ ಎಂದೇ ಕರೆಯುತ್ತಿದ್ದೆ.

ಆ ಯಂತ್ರದಲ್ಲಿ ಮೆಮೊರಿಯ ಪ್ರತಿ ಮನೆಗೆ ಇದ್ದಂತೆ ಪ್ರೆಸ್ಸಿನ ವಾಲ್ವಿಗೂ ಒಂದು ವಿಳಾಸವಿತ್ತು. ಅಲ್ಲಿ ಸೊನ್ನೆ ಬರೆದರೆ ವಾಲ್ವ್ ಮುಚ್ಚುತ್ತಿತ್ತು, ಬೇರೆ ಅಂಕಿ ಬರೆದರೆ ತೆರೆದು ಪ್ರೆಸ್ ಇಳಿಯುತ್ತಿತ್ತು. ಸಾಮಾನ್ಯ ಪ್ರೋಗ್ರಾಮಿಗೆ ಆ ವಿಳಾಸ ಕಾಣುವುದಿಲ್ಲ. ನಾವು ನಮ್ಮ ಮೆಮೊರಿಯ ಒಂದು ಭಾಗವನ್ನು ಅದಕ್ಕೆ ಜೋಡಿಸಿಕೊಂಡು ನೇರವಾಗಿ ಬರೆಯುತ್ತಿದ್ದೆವು. ಜೋಡಣೆ ಬಿಡಿಸುವುದೂ ನಮ್ಮದೇ ಹೊಣೆ. ಪ್ರೋಗ್ರಾಂ ಮುಗಿದ ಮಾತ್ರಕ್ಕೆ ಅದು ಬಿಡುತ್ತಿರಲಿಲ್ಲ. ಹಾಗಾಗಿ ಪ್ರೆಸ್ಸಿಗೆ ಕೈ ಹಾಕುವ ಮುನ್ನ ಅಣ್ಣ ಕೇಳುವುದು, ನಾನು ಉತ್ತರಿಸುವುದು ರೂಢಿ.

ಆ ದಿನ ಕೆಲಸ ಬೇಗ ಸಾಗಲೆಂದು, ಪ್ರೋಗ್ರಾಮಿನಲ್ಲಿ ಜೋಡಣೆ ಬಿಡಿಸುವ ಎರಡು ಸಾಲುಗಳನ್ನು ನಾನೇ ತೆಗೆದಿದ್ದೆ. ಹನ್ನೊಂದು ಗಂಟೆಯ ಹೊತ್ತಿಗೆ ಮರೆತಿದ್ದೆ.

“ಬಿಟ್ಟಿತಾ ಮಾರಾಯ್ರೆ, ಇನ್ನೂ ಕಚ್ಚಿ ಹಿಡ್ಕೊಂಡುಂಟಾ?”

“ಬಿಟ್ಟಿದೆ ಅಣ್ಣ.”

“ನೋಡಿ, ಕೈ ನನ್ನದು. ಸರಕಾರದ್ದಲ್ಲ.”

ನಾನು ನಕ್ಕೆ. ಅವರು ತುಂಡು ಬದಲಿಸುವಷ್ಟರಲ್ಲಿ ಹಿಂದಿನ ಅಳತೆಗಳ ಸರಾಸರಿ ತೆಗೆದುಬಿಡೋಣವೆಂದು ಲೆಕ್ಕದ ಪ್ರೋಗ್ರಾಮನ್ನು ಓಡಿಸಿದೆ. ಅದು ತನ್ನ ಪಟ್ಟಿಗೆ ಅಂಕಿಗಳನ್ನು ತುಂಬತೊಡಗಿತು. ಪಟ್ಟಿಗೆ ಸಿಕ್ಕಿದ್ದು ವಾಲ್ವಿಗೆ ಜೋಡಿಸಿ ಬಿಡಿಸದೇ ಉಳಿದಿದ್ದ ಅದೇ ಮೆಮೊರಿಯ ಭಾಗ.

ಪ್ರೆಸ್ ನಿಧಾನವಾಗಿ ಇಳಿಯುವ ಯಂತ್ರ. ಕೈ ಹಿಂದೆಗೆಯಲು ಸಮಯವಿತ್ತು ಎನ್ನಿಸಬಹುದು. ಆದರೆ ಅವರ ಬೆರಳುಗಳು ತುಂಡಿನ ಹಿಂಬದಿಯಲ್ಲಿ ಸಿಕ್ಕಿಕೊಂಡಿದ್ದವು. ಅವರು ಕೂಗಲಿಲ್ಲ, “ಇಳೀತಾ ಉಂಟು, ಇಳೀತಾ ಉಂಟು” ಎಂದಷ್ಟೇ ಹೇಳಿದರು. ನಾನು ಪ್ರೋಗ್ರಾಮನ್ನು ನಿಲ್ಲಿಸಿದೆ. ಪ್ರೆಸ್ ನಿಲ್ಲಲಿಲ್ಲ, ಬರೆದ ಅಂಕಿ ಬರೆದಲ್ಲೇ ಇತ್ತು, ವಾಲ್ವ್ ತೆರೆದೇ ಇತ್ತು. ಅಲ್ಲಿ ಸೊನ್ನೆ ಬರೆಯಬೇಕಿತ್ತು. ವಿಳಾಸದ ಆರು ಅಂಕಿಗಳನ್ನು ಟೈಪ್ ಮಾಡಿದೆ, ತಪ್ಪಿತು. ಮತ್ತೆ ಮಾಡಿದೆ, ಮತ್ತೆ ತಪ್ಪಿತು. ಮೈನ್ ಸ್ವಿಚ್ ಬಾಗಿಲ ಪಕ್ಕದಲ್ಲಿತ್ತು, ನನ್ನಿಂದ ಏಳೆಂಟು ಹೆಜ್ಜೆ. ಹತ್ತನೇ ತರಗತಿ ಓದಿದವರೂ ಮೊದಲು ಅಲ್ಲಿಗೇ ಓಡುತ್ತಿದ್ದರು. ನಾನು ಓಡಿದ್ದು ಎರಡನೇ ಸಲ ತಪ್ಪಿದ ಮೇಲೆ.

ಆ ಏಳೆಂಟು ಹೆಜ್ಜೆಗಳನ್ನು ಈಗಲೂ ಓಡುತ್ತೇನೆ, ಅಡುಗೆಮನೆಯಲ್ಲಿ, ಬಸ್ಸಿನಲ್ಲಿ. ಒಂದು ಸಲವೂ ಸಮಯಕ್ಕೆ ಮುಟ್ಟಿಲ್ಲ.

ತಪ್ಪು ನನ್ನದೆಂದು ಬರೆದುಕೊಟ್ಟೆ. ಮೂರು ವಾರದ ನಂತರ ರೈಲಿನಲ್ಲಿ ಎರ್ನಾಕುಳಕ್ಕೆ ಹೋದೆ. ಅವರ ಹೆಂಡತಿ ಅಲ್ಲಿ ಬ್ಯಾಂಕಿನಲ್ಲಿದ್ದರು. ಆಕೆಯ ಕ್ವಾರ್ಟರ್ಸಿನಲ್ಲಿ ಅಣ್ಣ ಸುಧಾರಿಸಿಕೊಳ್ಳುತ್ತಿದ್ದರು.

“ಬನ್ನಿ,” ಎಂದರು ಆಕೆ. “ನಿಮ್ಮ ಕಂಪ್ಯೂಟರಿನ ಹೊಟ್ಟೆ ತುಂಬಿತಾ? ಇನ್ನು ಎಡಗೈ ಒಂದು ಉಂಟು.”

“ನೀನು ಸುಮ್ಮನಿರು ಮಾರಾಯ್ತಿ,” ಎಂದರು ಅಣ್ಣ.

ಅವತ್ತೇ ಕಟ್ಟು ಬಿಚ್ಚಿದ್ದರು. ಅಣ್ಣ ಬಲಗೈಯನ್ನು ಮೇಜಿನ ಮೇಲೆ ಚಾಚಿ, ನಾವಿಬ್ಬರೂ ನೋಡುತ್ತಿದ್ದಂತೆ ಬೆರಳು ಮಡಚಲು ನೋಡಿದರು. ಹೆಬ್ಬೆರಳು ಮಡಚಿತು. ಕಿರುಬೆರಳು ಸ್ವಲ್ಪ ಅಲುಗಿತು. ನಡುವಿನ ಮೂರು ಹಾಗೆಯೇ ಇದ್ದವು. ಅವರ ಹಣೆಯಲ್ಲಿ ಬೆವರು ಮೂಡುವವರೆಗೂ ಕಾದೆವು. ಆಮೇಲೆ ಆಕೆ ಅವರ ಕೈಯನ್ನು ಎತ್ತಿ ತಮ್ಮ ಮಡಿಲಿಗೆ ಇಟ್ಟುಕೊಂಡರು.